ಇಂಜಿನ್ ಬುಸುಗುಟ್ಟಿದರೆ ಮೊದಲು ರಬ್ಬರ್ ಪೈಪ್ ನೋಡಿ

ಬೇಸಿಗೆ ರಜೆ ಬಂತೆಂದರೆ ನಮ್ಮ ಕಡೆಯ ಕುಟುಂಬಗಳು ಸ್ವಂತ ಕಾರಿನಲ್ಲೇ ಕಲಬುರಗಿಯ ಖ್ವಾಜಾ ಬಂದೇ ನವಾಝ್ ದರ್ಗಾಕ್ಕೆ ಹೊರಡುವುದುಂಟು. ಅಲ್ಲಿವರೆಗೆ ಹೋದವರು ಶಹಾಬಾದ್, ವಾಡಿ ದಾಟಿ ಭೀಮಾ ತೀರದ ಸನ್ನತಿಯನ್ನೂ, ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕಿದ ಪಕ್ಕದ ಕನಗನಹಳ್ಳಿಯನ್ನೂ ನೋಡಿ ಬರಬಹುದು. ಮಂಗಳೂರಿನಿಂದ 600 ಕಿ.ಮೀ.ಗೂ ಮೇಲಿನ ದಾರಿ. ಘಟ್ಟ ಹತ್ತಬೇಕು. ಆ ಮೇಲೆ 40 ಡಿಗ್ರಿ ದಾಟುವ ಬಿಸಿಲು, ಸುಣ್ಣಕಲ್ಲಿನ ಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳ ಧೂಳು. ಊರಲ್ಲಿ ಹೇಗೋ ಓಡುತ್ತಿದ್ದ ಹಳೆ ಕಾರಿನ ಗುಟ್ಟು ರಟ್ಟಾಗುವುದು ಇಂಥ ದಾರಿಯಲ್ಲೇ.

ನಮ್ಮ ಅಂಗಳಗಳಲ್ಲಿ ಈಗ ಸೆಕೆಂಡ್ ಹ್ಯಾಂಡ್ ಯುರೋಪಿಯನ್ ಗಾಡಿಗಳು ಸಾಕಷ್ಟು ಉಂಟು. ಪೋಲೊ, ವೆಂಟೊ, ಸ್ಕೋಡಾ ಫ್ಯಾಬಿಯಾ, ಫಿಯೆಟ್ ಪಾಲಿಯೊ, ಅಪರೂಪಕ್ಕೆ ಓಪೆಲ್ ಕೋರ್ಸಾ. ಅಂಬಾಸಿಡರ್, ಪದ್ಮಿನಿಗಳ ಮೂಲವೂ ಯುರೋಪೇ. ಒಂದು ಇಂಗ್ಲೆಂಡಿನ ಮೋರಿಸ್, ಇನ್ನೊಂದು ಇಟಲಿಯ ಫಿಯೆಟ್. ಕಡಿಮೆ ಬೆಲೆಗೆ ಒಳ್ಳೆ ಗಾಡಿ ಸಿಕ್ಕಿತು ಅಂತ ತರುತ್ತೇವೆ. ಹತ್ತು ಹದಿನೈದು ವರ್ಷ ಕಳೆದ ಗಾಡಿಯಲ್ಲಿ ಕಬ್ಬಿಣ ಗಟ್ಟಿಯಾಗಿದ್ದರೂ ರಬ್ಬರ್, ಪ್ಲಾಸ್ಟಿಕ್ ಮುಪ್ಪಾಗಿರುತ್ತದೆ. ಆಗ ಬರುವ ಕಾಯಿಲೆಯೇ ವ್ಯಾಕ್ಯೂಮ್ ಲೀಕ್.

ಏನಿದು ಲೀಕ್?

ಪೆಟ್ರೋಲ್ ಇಂಜಿನ್ ಒಂದು ಪಂಪಿನ ಹಾಗೆ ಗಾಳಿ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ಮುಚ್ಚಿರುವುದರಿಂದ ಅದರ ಹಿಂದಿನ ಮ್ಯಾನಿಫೋಲ್ಡ್‌ನಲ್ಲಿ ಜೋರಾದ ಸೆಳೆತ ಹುಟ್ಟುತ್ತದೆ. ಅಲ್ಲಿನ ಪೈಪೋ ಗ್ಯಾಸ್ಕೆಟ್ಟೋ ಸೀಳಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಐಡಲಿಂಗ್‌ನಲ್ಲಿ ಗಾಡಿ ನಡುಗುತ್ತದೆ, ಆರ್‌ಪಿಎಂ ಏರಿಳಿಯುತ್ತದೆ, ಸಿಗ್ನಲ್‌ನಲ್ಲಿ ಆಫ್ ಆಗ್ತದೆ, ಬಾನೆಟ್ ಒಳಗಿಂದ ಬುಸ್ ಅಂತ ಶಬ್ದ ಬರ್ತದೆ. ಈ ಗಾಳಿ ಫಿಲ್ಟರ್ ದಾಟಿ ಬಂದದ್ದಲ್ಲ. ವಾಡಿ, ಸೇಡಂ ಕಡೆಯ ಧೂಳು ಹೀಗೆ ನೇರ ಒಳಹೊಕ್ಕರೆ ಪಿಸ್ಟನ್ ರಿಂಗ್ ಸವೆಯುತ್ತದೆ.

ಲಕ್ಷಣ ಕೇಳಿದ ಕೂಡಲೇ ಪ್ಲಗ್ ಬದಲಿಸಿ, ಕಾಯಿಲ್ ಬದಲಿಸಿ, ಸೆನ್ಸರ್ ಬದಲಿಸಿ ಎನ್ನುವವರೇ ಹೆಚ್ಚು. ಸಾವಿರಗಟ್ಟಲೆ ಹೋದ ಮೇಲೂ ನಡುಕ ನಿಲ್ಲುವುದಿಲ್ಲ. ಯಾಕೆಂದರೆ ಸೀಳಿದ್ದು ಬೆರಳು ಗಾತ್ರದ ಒಂದು ರಬ್ಬರ್ ಪೈಪ್.

ಮೊದಲು ಬ್ರೇಕ್

ಬ್ರೇಕ್ ಪೆಡಲ್ ಹಗುರಾಗಿರುವುದು ಇದೇ ಸೆಳೆತದಿಂದ. ಇಂಜಿನ್‌ನಿಂದ ಬ್ರೇಕ್ ಬೂಸ್ಟರ್‌ಗೆ ಒಂದು ದಪ್ಪ ಪೈಪ್, ಅದರಲ್ಲೊಂದು ಒನ್‌ವೇ ವಾಲ್ವ್ ಇರುತ್ತದೆ. ಅದು ಹೋದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಬ್ರೇಕ್ ಪೂರ್ತಿ ಸತ್ತಿರುವುದಿಲ್ಲ, ಆದರೆ ಮೂರು ಪಾಲು ಬಲ ಹಾಕಿ ಒತ್ತಿದರೂ ಸಾಲದೆ ಹೋಗಬಹುದು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿಯುವಾಗ ಇದು ಗೊತ್ತಾಗುವಂತೆ ಆಗಬಾರದು.

ಪರೀಕ್ಷೆ ಸುಲಭ, ಮನೆಯಲ್ಲಿ ಯಾರೂ ಮಾಡಬಹುದು. ಇಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ. ಗಟ್ಟಿಯಾದ ಮೇಲೆ ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಗಾಡಿ ದೂರದ ದಾರಿಗೆ ತೆಗೆಯಬೇಡಿ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡುವವರಿಗೂ ಒಂದು ಮಾತು: ಬೂಸ್ಟರ್‌ನಲ್ಲಿ ಉಳಿಯುವುದು ಒಂದೆರಡು ಒತ್ತಿಗೆ ಸಾಲುವಷ್ಟು ಸೆಳೆತ ಮಾತ್ರ.

ಹುಡುಕುವುದು ಹೇಗೆ?

ಇಂಜಿನ್ ತಣ್ಣಗಿರುವಾಗ ಪೈಪ್‌ಗಳನ್ನು ಬಗ್ಗಿಸಿ ನೋಡಿ. ಸೀಳು ಹೆಚ್ಚಾಗಿ ತಿರುವಿನಲ್ಲಿ, ಕೆಳಬದಿಯಲ್ಲಿ, ಕ್ಲಿಪ್ಪಿನ ಅಡಿಯಲ್ಲಿ ಅಡಗಿರುತ್ತದೆ. ಇಂಜಿನ್ ಹೊಗೆ ಹಿಂದಕ್ಕೆ ಒಯ್ಯುವ ಬ್ರೀದರ್ ಪೈಪ್, ಏರ್ ಫಿಲ್ಟರ್‌ನಿಂದ ಥ್ರಾಟಲ್‌ವರೆಗಿನ ಮಡಿಕೆ ಪೈಪ್, ಇಂಜೆಕ್ಟರ್ ರಿಂಗ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಒಂದೊಂದಾಗಿ ನೋಡಿ. ಅಂಬಾಸಿಡರ್, ಪದ್ಮಿನಿಯಲ್ಲಾದರೆ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ಪೈಪನ್ನೂ ಮರೆಯಬೇಡಿ.

ನಂತರ ಐಡಲಿಂಗ್‌ನಲ್ಲಿಟ್ಟು ಸಪುರದ ರಬ್ಬರ್ ನಳಿಕೆಯ ಒಂದು ತುದಿ ಕಿವಿಗೆ ಹಿಡಿದು ಇನ್ನೊಂದನ್ನು ಜೋಡಣೆಗಳ ಹತ್ತಿರ ಆಡಿಸಿ. ಬುಸ್ ಎನ್ನುವ ಜಾಗ ಗೊತ್ತಾಗುತ್ತದೆ. ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿದರೂ ಆ ಜಾಗದಲ್ಲಿ ಶಬ್ದ ಬದಲಾಗುತ್ತದೆ. ವಯರಿಂಗ್ ಮೇಲೆ ನೀರು ಬೇಡ. ಕೆಲವರು ಕಾರ್ಬ್ ಕ್ಲೀನರ್, ಗ್ಯಾಸ್ ಬಿಡುತ್ತಾರೆ. ಬಿಸಿ ಇಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ, ಮನೆಯಲ್ಲಿ ಮಾಡ್ಬೇಡಿ. ತೋಳು, ಶಾಲು ಬೆಲ್ಟಿಗೂ ಫ್ಯಾನಿಗೂ ಸಿಗದಂತೆ ನೋಡಿಕೊಳ್ಳಿ.

ಗ್ಯಾರೇಜಿನಲ್ಲಾದರೆ ಸ್ಮೋಕ್ ಟೆಸ್ಟ್ ಕೇಳಿ. ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿಸಿದರೆ ಸೀಳಿದಲ್ಲಿಂದ ಹೊರಬರುತ್ತದೆ. ಸ್ಕ್ಯಾನರ್‌ನಲ್ಲಿ ಪಿ0171 ಕೋಡ್ ಬಂದರೆ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದರ್ಥವಲ್ಲ, ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆ ಎಂದಷ್ಟೇ. ಫ್ಯೂಯೆಲ್ ಟ್ರಿಮ್ ಐಡಲಿಂಗ್‌ನಲ್ಲಿ ಪ್ಲಸ್ 10ಕ್ಕಿಂತ ಮೇಲಿದ್ದು 2,500 ಆರ್‌ಪಿಎಂನಲ್ಲಿ ಇಳಿದರೆ ಲೀಕ್ ಇರುವ ಸಾಧ್ಯತೆ ಹೆಚ್ಚು.

ವ್ಯಾಕ್ಯೂಮ್ ಗೇಜ್ ಇಟ್ಟರೆ ಕರಾವಳಿಯಲ್ಲಿ ಆರೋಗ್ಯವಂತ ಇಂಜಿನ್ ಸುಮಾರು 17ರಿಂದ 21 ಇಂಚು ತೋರಿಸುತ್ತದೆ. ಕಲಬುರಗಿ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 450 ಮೀಟರ್ ಎತ್ತರ. ಅಲ್ಲಿ ಒಂದೂವರೆ ಇಂಚು ಕಡಿಮೆ ತೋರಿಸಿದರೆ ಗಾಬರಿ ಬೇಡ, ಅದು ಎತ್ತರದ ಗುಣ.

ಡೀಸೆಲ್ ಗಾಡಿಗೆ ಸೆಳೆತ ಕೊಡಲು ಬೇರೆ ಪಂಪ್ ಉಂಟು. ಬ್ರೇಕ್ ಜೊತೆಗೆ ಹಲವು ಮಾದರಿಗಳಲ್ಲಿ ಟರ್ಬೊವನ್ನೂ ಅದೇ ಆಡಿಸುತ್ತದೆ. ಲೀಕಾದರೆ ಪಿಕಪ್ ಹೋಗುತ್ತದೆ. ಗಲ್ಫ್‌ನಲ್ಲಿದ್ದವರು ಕಂಡ ಹಳೆ ಮರ್ಸಿಡಿಸ್ ಡೀಸೆಲ್‌ಗಳಲ್ಲಿ ಇಂಜಿನ್ ನಿಲ್ಲಿಸುವುದೂ ವ್ಯಾಕ್ಯೂಮೇ. ಕೀ ತೆಗೆದರೂ ಗಾಡಿ ಓಡುತ್ತಲೇ ಇದ್ದರೆ ಅದು ಭೂತವಲ್ಲ, ಲೀಕ್!

ಸರಿಪಡಿಸುವಾಗ

ಟೇಪ್, ಎಂಸೀಲ್ ಎಲ್ಲ ಮನೆ ಮುಟ್ಟುವವರೆಗೆ ಮಾತ್ರ. ಅಕ್ವೇರಿಯಂ ಪೈಪ್ ಹಾಕಿದರೆ ಬಿಸಿಗೆ ಮೆತ್ತಗಾಗಿ ಸೆಳೆತಕ್ಕೆ ಒಳಗೇ ಅಂಟಿಕೊಳ್ಳುತ್ತದೆ. ಎಣ್ಣೆ, ಬಿಸಿ ತಡೆಯುವ ವ್ಯಾಕ್ಯೂಮ್ ಪೈಪನ್ನು ಅದೇ ಒಳಗಾತ್ರ ನೋಡಿ ಹಾಕಿಸಿ. ಬ್ರೇಕ್ ಪೈಪಿಗೆ ಕಂಪನಿಯದ್ದೇ ಇರಲಿ, ವಾಲ್ವನ್ನೂ ಜೊತೆಗೇ ಬದಲಿಸಿ. ಒಂದು ಪೈಪ್ ಸೀಳಿದ್ದರೆ ಅದರ ವಯಸ್ಸಿನ ಉಳಿದವೂ ಸರದಿಯಲ್ಲಿವೆ ಎಂದೇ ತಿಳಿಯಿರಿ. ಸಣ್ಣ ಊರಲ್ಲಿ ಈ ಗಾಡಿಗಳ ಸಾಮಾನು ಕೂಡಲೇ ಸಿಗುತ್ತದೆ ಅಂತ ನಂಬಬೇಡಿ. ಚಿಂಚೋಳಿಯಲ್ಲೋ ಚಿತ್ತಾಪುರದಲ್ಲೋ ನಿಲ್ಲುವುದಕ್ಕಿಂತ ಒಂದೆರಡು ಮೀಟರ್ ಪೈಪ್, ನಾಲ್ಕು ಕ್ಲಿಪ್ ಡಿಕ್ಕಿಯಲ್ಲಿರಲಿ.

ಗಾಡಿ ಕೊಳ್ಳುವವರು ತಣ್ಣಗಿನ ಇಂಜಿನನ್ನು ತಾವೇ ಸ್ಟಾರ್ಟ್ ಮಾಡಿ, ಬ್ರೇಕ್ ಪರೀಕ್ಷೆ ಮಾಡಿ. ಹಳೆ ಕಾರ್ಬುರೇಟರ್ ಗಾಡಿಗಳಲ್ಲಿ ಐಡಲಿಂಗ್ ಸ್ಕ್ರೂ ಬಿಗಿಮಾಡಿ ನಡುಕ ಮುಚ್ಚಿಟ್ಟು ಮಾರುವವರಿದ್ದಾರೆ. ಮಾಲಿನ ದೋಷ ತಿಳಿಸದೆ ಮಾರುವುದು ನಮಗೆ ಸಲ್ಲದು ಎಂಬುದು ಗೊತ್ತಿದ್ದದ್ದೇ. ಬ್ರೇಕಿನ ದೋಷವಾದರೆ ಮುಚ್ಚಿಟ್ಟದ್ದು ಬರೀ ದುಡ್ಡಿನ ನಷ್ಟವಲ್ಲ, ಕೊಂಡವರ ಮನೆಮಂದಿಯ ಜೀವ.