ಪರಂಗಿ ದಂಟು, ಈರುಳ್ಳಿ ಪೊರೆ

ಜಗಳೂರು ಸೀಮೆಯಲ್ಲಿ ಈರುಳ್ಳಿ ಕಿತ್ತು ರಾಶಿಯೊಟ್ಟುವ ಕಾಲಕ್ಕೆ, ಹಿರಿಯರ ಚಿತ್ತವೆಲ್ಲ ಮಾರುಕಟ್ಟೆಯ ದರದ ಮೇಲೆಯೇ ನೆಟ್ಟಿರುವಾಗ, ಅದೇ ಈರುಳ್ಳಿಯಿಂದ ಮಕ್ಕಳಿಗೆ ದೊರೆಯಬಹುದಾದ ಲಾಭವೊಂದುಂಟು. ಅದಕ್ಕೆ ದಲ್ಲಾಳಿಯ ಹಂಗಿಲ್ಲ. ಗಡ್ಡೆಯನ್ನು ಕೊಯ್ದು ಬಿಡಿಸುವಾಗ ಎರಡು ಪದರಗಳ ನಡುವೆ, ಕಣ್ಣಿಗೆ ಬಿದ್ದೂ ಬೀಳದಂತೆ, ನವುರಾದ ಪೊರೆಯೊಂದು ಉಗುರಿಗೆ ಸಿಕ್ಕುವುದಷ್ಟೆ. ಪೊಳ್ಳಾದ ಪರಂಗಿ ಎಲೆಯ ದಂಟನ್ನು ಗೇಣುದ್ದಕ್ಕೆ ಕತ್ತರಿಸಿ, ಹಾಲು ಹೋಗುವಂತೆ ಚೆನ್ನಾಗಿ ತೊಳೆದು, ಒಂದು ತುದಿಗೆ ಈ ಪೊರೆಯನ್ನು ಹೊದಿಸಿ ದಾರದಿಂದ ಬಿಗಿದು, ಪಕ್ಕದಲ್ಲಿ ಕೊರೆದ ತೂತಿಗೆ ಬಾಯಿಟ್ಟು, ಊದದೆ, ಬಲ್ಲ ಹಾಡೊಂದನ್ನು ಗುನುಗಿದರೆ, ಮಗುವಿನ ಕಂಠವೇ ಪೊರೆಯ ಕಂಪನದೊಡನೆ ಬೆರೆತು, ಶಹನಾಯಿಗೆ ದೂರದ ನಂಟಿರುವ ಒಂದು ವಿಚಿತ್ರ ನಾದವಾಗಿ ಹೊರಹೊಮ್ಮುವುದು.

ಇದನ್ನು ಹಳ್ಳಿಯ ಹುಡುಗಾಟವೆಂದು ಮೂಗು ಮುರಿಯುವ ಮುನ್ನ ತುಸು ತಡೆಯಬೇಕು. ಫ್ರಾನ್ಸಿನ ವಿದ್ವಾಂಸ ಪಾದ್ರಿ ಮೆರ್ಸೆನ್, ತಾನು 1636ರಲ್ಲಿ ಪ್ರಕಟಿಸಿದ ಸಂಗೀತಶಾಸ್ತ್ರದ ಬೃಹದ್ಗ್ರಂಥದಲ್ಲಿ ಇದೇ ತತ್ತ್ವದ ವಾದ್ಯವೊಂದನ್ನು ವರ್ಣಿಸಿದ್ದಾನೆ. ಅದಕ್ಕೆ ಆ ದೇಶದಲ್ಲಿ ‘ಈರುಳ್ಳಿ ಕೊಳಲು’ ಎಂಬ ಹೆಸರೂ ಇತ್ತು.

ದಾವಣಗೆರೆ ಜಿಲ್ಲೆಯ ಹೊಲಗಳಲ್ಲಿ ಇಂದು ಎತ್ತ ನೋಡಿದರತ್ತ ಮೆಕ್ಕೆಜೋಳ. ತೆನೆ ಮುರಿದ ಮೇಲೆ ಉಳಿದ ದಂಟನ್ನು ಆಯ್ದುಕೊಂಡು, ಎರಡು ಗೆಣ್ಣುಗಳ ನಡುವಣ ಸಿಪ್ಪೆಯನ್ನು ಒತ್ತೊತ್ತಾಗಿ ಎರಡು ಗೆರೆಗಳಲ್ಲಿ ಸೀಳಿ, ಆ ಎಳೆ ಗೆಣ್ಣಿನಲ್ಲಿ ಕಡಿದುಹೋಗದಂತೆ ಮೆಲ್ಲನೆ ಮೇಲೆತ್ತಿ, ಅದರಡಿಗೆ ಎರಡು ತುಂಡು ಕಡ್ಡಿಗಳನ್ನು ತೂರಿಸಿದರೆ, ಎಳೆಯೇ ತಂತಿ, ಕಡ್ಡಿಗಳೇ ಕುದುರೆ, ದಂಟೇ ದಂಡಿಗೆ. ಕುದುರೆಗಳನ್ನು ಹತ್ತಿರಕ್ಕೆ ಸರಿಸಿದಷ್ಟೂ ಸ್ವರ ಏರುವುದು. ತಂತಿಯ ಉದ್ದ, ಬಿಗಿ, ತೂಕ ಇವುಗಳಿಗೂ ಸ್ವರಕ್ಕೂ ಇರುವ ಸಂಬಂಧವನ್ನು ಸೂತ್ರಬದ್ಧಗೊಳಿಸಿದವನೂ ಮೇಲೆ ಹೇಳಿದ ಪಾದ್ರಿಯೇ. ಬದುವಿನ ಮೇಲೆ ಕುಳಿತ ಐದು ವರ್ಷದ ಬಾಲಿಕೆ ಅವನ ಹೆಸರನ್ನೇ ಕೇಳದೆ ಆ ಸೂತ್ರದ ಮೊದಲ ಪಾದವನ್ನು ಬೆರಳಿನಿಂದ ಅರಿಯುವಳು. ಎರಡನೆಯ ಪಾದಕ್ಕೆ ಒಂದು ಹಳೆಯ ತಗಡಿನ ಡಬ್ಬಿ ಸಾಕು. ತಳದ ನಟ್ಟನಡುವೆ ತೂತು ಮಾಡಿ, ದಾರವನ್ನು ಒಳಗಡೆ ಗಂಟುಹಾಕಿ ಹೊರಗೆಳೆದು, ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು, ಒಂದು ಕೈಯಿಂದ ದಾರವನ್ನು ಜಗ್ಗಿ ಮತ್ತೊಂದು ಕೈಯಿಂದ ಮೀಟಿದರೆ, ಜಗ್ಗಿದಷ್ಟೂ ನಾದ ಮೇಲೇರುವುದು. ಎಲ್ಲಮ್ಮನ ಪದ ಹಾಡುವವರ ಚೌಡಿಕೆಯಾದರೂ ಬೇರೇನು? ಅಲ್ಲಿ ತಗಡಿಗೆ ಬದಲಾಗಿ ಚರ್ಮ, ದಾರಕ್ಕೆ ಬದಲಾಗಿ ತಂತಿ, ಮಗುವಿನ ಮುಷ್ಟಿಗೆ ಬದಲಾಗಿ ಕೋಲಿನ ತುದಿಯ ಬಿರಡೆ. (ಡಬ್ಬಿಯ ಅಂಚನ್ನು ಕಲ್ಲಿನಿಂದ ತಟ್ಟಿ ಮಡಿಸದೆ ಮಕ್ಕಳ ಕೈಗೆ ಕೊಡಬಾರದು, ಹಾಗೆ ಕೊಟ್ಟುದರ ಗುರುತು ನನ್ನ ಎಡಗೈಯ ಹೆಬ್ಬೆರಳಿನಲ್ಲಿ ಇಂದಿಗೂ ಇದೆ.)

ಚನ್ನಗಿರಿಯ ತೋಟಗಳಲ್ಲಿ ಉದುರಿದ ಅಡಿಕೆಹಾಳೆ, ಒಣಗಿ ಗಟ್ಟಿಯಾದ ಮೇಲೆ, ಕೋಲಿನ ಪೆಟ್ಟಿಗೆ ಖಣಿಲ್ಲೆನ್ನದಿದ್ದರೂ ತಾಳಕ್ಕೆ ಸಾಕಾಗುವಷ್ಟು ಸದ್ದು ಮಾಡುವುದು. ಬೀರಪ್ಪನ ಡೊಳ್ಳಿನ ಗತ್ತನ್ನು ಕೇಳಿ ಬೆಳೆದ ಮಕ್ಕಳಿಗೆ ಒಂದು ಕೈಯಲ್ಲಿ ಗುಣಿಯೆಂಬ ಕೋಲನ್ನೂ ಇನ್ನೊಂದರ ಅಂಗೈಯನ್ನೂ ಬಳಸುವ ಕ್ರಮವನ್ನು ಹೇಳಿಕೊಡಬೇಕಾದುದಿಲ್ಲ. ಗಿಲಕಿಗೆಂದು ಕಾಳು, ಹುಣಸೆಬೀಜ ಹುಡುಕುವ ಮೊದಲು ಗದ್ದೆಗೆ ಹಸಿರೆಲೆ ಗೊಬ್ಬರವಾಗಿ ಬಿತ್ತುವ ಅಪ್ಸೆಣಬನ್ನು ನೆನೆಯಬಹುದು. ಒಣಗಿದ ಅದರ ಕಾಯಿಯೊಳಗೆ ಬೀಜಗಳು ತಾವಾಗಿಯೇ ಗಲಗಲಿಸುವುವು. ಸಸ್ಯಶಾಸ್ತ್ರಜ್ಞರು ಆ ಕುಲಕ್ಕೆ ಇಟ್ಟ ಕ್ರೊಟಲೇರಿಯ ಎಂಬ ಹೆಸರೂ ಗಿಲಕಿ ಎಂಬರ್ಥದ ಗ್ರೀಕ್ ಶಬ್ದದಿಂದಲೇ ಬಂದುದು. ಏನು ಸಿಕ್ಕರೂ ಬಾಯಿಗೆ ಹಾಕಿಕೊಳ್ಳುವ ಎಳೆಯ ಕೂಸುಗಳಿಗೆ ಮಾತ್ರ ಬೀಜದ ಸಹವಾಸವೇ ಬೇಡ.

ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ಬಂಜಾರರ ಗುರು ಸೇವಾಲಾಲರ ಜನ್ಮಸ್ಥಳವೆಂದು ಪೂಜಿತವಾದ ಸೂರಗೊಂಡನಕೊಪ್ಪವಿದೆ. ಫೆಬ್ರವರಿಯ ಜಯಂತಿಗೆ ನೆರೆಯುವ ಬಂಜಾರರ ಭಜನೆಯಲ್ಲಿ ನಗಾರಿಗೆ ಜೊತೆಯಾಗಿ ಕಂಚಿನ ತಟ್ಟೆಯೊಂದು ನುಡಿಯುವುದು. ಮನೆಯ ಊಟದ ತಟ್ಟೆಯನ್ನು ಅಂಗೈಯಲ್ಲಿ ಒತ್ತಿಹಿಡಿದು ಬಡಿದರೆ ಸೊರಗುವ ಸದ್ದು, ದಾರಕ್ಕೆ ತೂಗಬಿಟ್ಟು ಬಡಿದಾಗ ಬಹುಕಾಲ ನಿಲ್ಲುವುದೇಕೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ನೀರು ತುಂಬಿದ ಲೋಟ ಅದಕ್ಕಿಂತಲೂ ಚೆಲುವಾದ ಒಗಟು: ಲೋಟವನ್ನು ಚಮಚದಿಂದ ತಟ್ಟಿದರೆ ನೀರು ಹೆಚ್ಚಿದಂತೆ ಸ್ವರ ಇಳಿಯುವುದು, ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದರೆ ನೀರು ಹೆಚ್ಚಿದಂತೆ ಸ್ವರ ಏರುವುದು. ಒಂದರಲ್ಲಿ ನಡುಗುವುದು ನೀರಿನ ಭಾರ ಹೊತ್ತ ಲೋಟ, ಇನ್ನೊಂದರಲ್ಲಿ ನೀರಿನ ಮೇಲೆ ಉಳಿದ ಗಾಳಿ.

ಕರ್ನಾಟಕದಲ್ಲಿ 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಿಂದ ಮೊದಲುಗೊಂಡ ಅಂಗನವಾಡಿಗಳು ಇಂದು ಊರೂರಿನಲ್ಲಿರುವುದರಿಂದ, ಮೂರರಿಂದ ಆರು ವರ್ಷದ ಮಕ್ಕಳು ಕೂಡಿ ಕುಳಿತು ಇಂಥ ಕೆಲಸ ಮಾಡಲು ತಾಣಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಹಿರಿಯರ ತಾಳ್ಮೆಗೆ. ಒತ್ತಿದೊಡನೆ ಸರಿಯಾದ ಸ್ವರವನ್ನೇ ಉಗುಳುವ ಪ್ಲಾಸ್ಟಿಕ್ ಆಟಿಕೆಯಲ್ಲಿ ನಾದ ಎಲ್ಲಿಂದ ಹುಟ್ಟಿತೆಂಬುದು ಮಗುವಿಗೆ ಕಾಣದು; ಅಂತೆಯೇ, ಚಾಕು ಹಿಡಿದ ತಂದೆ ಉತ್ಸಾಹದ ಭರದಲ್ಲಿ ತಾನೇ ಲೋಪವಿಲ್ಲದ ಪೀಪಿಯೊಂದನ್ನು ಮಾಡಿ ಮುಗಿಸಿದಲ್ಲಿಯೂ ಕಾಣದು. ಕೊಯ್ಯುವ ಕೆಲಸ ಹಿರಿಯರದು, ಕೆಡಿಸುವ ಹಕ್ಕು ಮಕ್ಕಳದು. ಇವರನ್ನು ಸಾಲಾಗಿ ನಿಲ್ಲಿಸಿ ವಾರ್ಷಿಕೋತ್ಸವದಲ್ಲಿ ಊದಿಸುವ ಹಂಬಲವನ್ನಂತೂ ದಯಮಾಡಿ ಬಿಟ್ಟುಬಿಡಬೇಕು.

ಪರಂಗಿ ದಂಟಿನ ಆಯುಷ್ಯ ಹೆಚ್ಚೆಂದರೆ ಒಂದು ಹಗಲು. ಸಂಜೆಯ ಹೊತ್ತಿಗೆ ದಂಟು ಬಾಡುವುದು, ಪೊರೆ ಹರಿಯುವುದು, ನಾದ ಅಡಗುವುದು. ಮಗು ಮತ್ತೊಂದು ಎಲೆಗಾಗಿ ಹಿತ್ತಿಲಿಗೆ ಓಡುವುದು. ಹೀಗೆ ವಾರ ಕಳೆಯುವಷ್ಟರಲ್ಲಿ ಮರದ ನೆತ್ತಿಯಲ್ಲಿ ನಾಲ್ಕೇ ಎಲೆಗಳು ಉಳಿದು, ಹಣ್ಣಿನ ಆಸೆಯಿಂದ ಅದನ್ನು ನೆಟ್ಟ ಅಜ್ಜಿ ಕೋಲು ಹಿಡಿದು ಬುಡದಲ್ಲಿಯೇ ಕುಳಿತಿರುವಳು.