10 ಸಾವಿರ ಕೊಟ್ಟರೆ ಗಂಡ ನಾರಾಯಣ ಮೂರ್ತಿ ಆಗುತ್ತಾನೆಯೇ? ಫಾರ್ವರ್ಡ್ ಹೇಳದ ಸಂಗತಿಗಳು

ಫ್ಯಾಮಿಲಿ ಗ್ರೂಪಿನಲ್ಲಿ ಈ ಕಥೆ ನಿಮಗೂ ಬಂದಿರುತ್ತದೆ. 1981ರಲ್ಲಿ ಸುಧಾ ಮೂರ್ತಿ ತಮ್ಮ ಉಳಿತಾಯದ 10,000 ರೂಪಾಯಿ ಕೊಟ್ಟರು, ಅದರಿಂದ ಇನ್ಫೋಸಿಸ್ ಹುಟ್ಟಿತು. ಕೊನೆಗೊಂದು ನೀತಿ: ಹೆಂಡತಿ ನಂಬಿದರೆ ಗಂಡ ಗೆದ್ದೇ ಗೆಲ್ಲುತ್ತಾನೆ.

ಹಣ ಕೊಟ್ಟದ್ದು ನಿಜ. ಆದರೆ ಆ ನೀತಿ ನಿಜವೇ?

ಪುತ್ತೂರು ತಾಲೂಕಿನ ನರಿಮೊಗರಿನಂಥ ಊರಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಅಡಿಕೆ ತೋಟದ ಆದಾಯ ನಂಬಿದ ಮನೆಯ ಹುಡುಗ ಪೇಟೆಯಲ್ಲಿ ಅಂಗಡಿ ಇಡಲು ಹೊರಟರೆ, ಸೊಸೈಟಿಯಲ್ಲಿ ಅಡವಿಡಲು ಮೊದಲು ನೆನಪಾಗುವುದು ಹೆಂಡತಿಯ ಚಿನ್ನ. ಆಕೆ ಹಿಂಜರಿದರೆ ಪ್ರೀತಿಯೇ ಇಲ್ಲ ಎನ್ನುತ್ತಾರೆ. ವ್ಯಾಪಾರ ಮುಳುಗಿದರೆ ಅವನಿಗೆ ಯೋಗ್ಯತೆಯಿಲ್ಲ ಎನ್ನುತ್ತಾರೆ.

ಫಾರ್ವರ್ಡ್‌ನಲ್ಲಿ ಬಿಟ್ಟುಹೋದದ್ದು

• ಇನ್ಫೋಸಿಸ್‌ಗೂ ಮೊದಲು ಮೂರ್ತಿಯವರು ಸಾಫ್ಟ್ರಾನಿಕ್ಸ್ ಎಂಬ ಕಂಪನಿ ಶುರು ಮಾಡಿದ್ದರು. ಅದು ನಡೆಯಲಿಲ್ಲ.
• ಇನ್ಫೋಸಿಸ್ ಕಟ್ಟಿದವರು ಒಬ್ಬರಲ್ಲ, 7 ಮಂದಿ.
• ಸುಧಾ ಅವರಿಗೆ ಸಂಬಳದ ಕೆಲಸವಿತ್ತು. ಅವರ ಮಾತಿನಂತೆ, ಕೈಯಲ್ಲಿದ್ದದ್ದು 10,250 ರೂಪಾಯಿ. ಕಷ್ಟಕಾಲಕ್ಕೆಂದು 250 ಉಳಿಸಿಕೊಂಡಿದ್ದರು.
• 1990ರಲ್ಲಿ ಸುಮಾರು 10 ಲಕ್ಷ ಡಾಲರಿಗೆ ಕಂಪನಿಯನ್ನು ಮಾರಿಬಿಡುವ ಮಾತೂ ಬಂದಿತ್ತು.
• ಸುಧಾ ಅವರನ್ನು ಕಂಪನಿಯಿಂದ ಹೊರಗಿಟ್ಟದ್ದು ತಪ್ಪು ಆದರ್ಶವಾಗಿತ್ತು ಎಂದು ಮೂರ್ತಿಯವರೇ ನಂತರ ಹೇಳಿದ್ದಾರೆ.

ಅಂದರೆ ಆದರ್ಶ ಜೋಡಿ ಎಂದು ನಾವು ತೋರಿಸುವವರ ಬದುಕೂ ಆ ಫಾರ್ವರ್ಡ್‌ನಷ್ಟು ನೇರವಾಗಿರಲಿಲ್ಲ.

ನಮ್ಮ ಲೆಕ್ಕ ತಪ್ಪುವುದು ಎಲ್ಲಿ?

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧವಿಮಾನಗಳ ಯಾವ ಭಾಗಕ್ಕೆ ಹೆಚ್ಚು ರಕ್ಷಣೆ ಬೇಕು ಎಂಬ ಪ್ರಶ್ನೆ ಎದ್ದಿತು. ಮರಳಿ ಬಂದ ವಿಮಾನಗಳಲ್ಲಿ ಗುಂಡು ಬಿದ್ದ ಜಾಗವನ್ನಷ್ಟೇ ನೋಡಿದರೆ ಮೋಸ ಹೋಗುತ್ತೇವೆ ಎಂಬುದು ಗಣಿತಜ್ಞ ಅಬ್ರಹಾಂ ವಾಲ್ಡ್ ಅವರ ಲೆಕ್ಕದ ತಿರುಳು. ಎಂಜಿನ್‌ಗೆ ಗುಂಡು ಬಿದ್ದವು ಮರಳಿ ಬರಲೇ ಇಲ್ಲವಲ್ಲ! ಉಳಿದವರನ್ನು ಮಾತ್ರ ಎಣಿಸುವ ಈ ತಪ್ಪಿಗೆ 'ಸರ್ವೈವರ್‌ಶಿಪ್ ಬಯಾಸ್' ಎಂದು ಹೆಸರು.

ಫಾರ್ವರ್ಡ್‌ಗಳೂ ಹಾಗೆಯೇ. ಅಷ್ಟೇ ನಂಬಿಕೆಯಿಂದ ಹಣ ಕೊಟ್ಟು, ಅಷ್ಟೇ ದುಡಿದು, ಆದರೂ ಸೋತ ದಂಪತಿಯ ಕಥೆಯನ್ನು ಯಾರೂ ಹಂಚುವುದಿಲ್ಲ. ಹಾಗಾಗಿ ಪ್ರೀತಿಯಿದ್ದರೆ ಗೆಲುವು ಖಚಿತ ಎಂದು ಕಾಣುತ್ತದೆ. ಮಾರುಕಟ್ಟೆ, ಸಮಯ, ಜೊತೆಗಾರರು, ಅದೃಷ್ಟ ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಏನು ಮಾಡಬಹುದು?

ಹಣ ಹಾಕುವ ಮೊದಲೇ ಇಬ್ಬರೂ ಕೂತು ಮೂರು ವಿಷಯ ಬರೆದಿಡಿ: ಹೆಚ್ಚೆಂದರೆ ಎಷ್ಟು ಕಳೆದುಕೊಳ್ಳಬಹುದು, ಎಷ್ಟು ಸಮಯ ನೋಡಬೇಕು, ಅಲ್ಲಿಯವರೆಗೆ ಮನೆ ಖರ್ಚು ಯಾರು ನೋಡಿಕೊಳ್ಳುತ್ತಾರೆ. ಆ ಮಿತಿ ದಾಟಿದಾಗ ನಿಲ್ಲಿಸುವುದು ಸೋಲಲ್ಲ. ಚಿನ್ನ ಕೊಡಲಾರೆ ಎಂದರೆ ಪ್ರೀತಿಯಿಲ್ಲ ಎಂದೂ ಅಲ್ಲ.

ಮುಂದಿನ ಸಲ ಈ ಕಥೆ ಗ್ರೂಪಿಗೆ ಬಂದಾಗ ಆ 250 ರೂಪಾಯಿಯ ಸಂಗತಿಯನ್ನೂ ಸೇರಿಸಿ ಕಳುಹಿಸಿ.