ಅಲೈನ್‌ಮೆಂಟ್‌ಗೆ ಮೊದಲು

ಮಂಗಳೂರಿನ ಬಾವುಟಗುಡ್ಡೆಯಿಂದ ಹಂಪನಕಟ್ಟೆಯತ್ತ ಇಳಿಯುವ ಕಾರಿನ ಮುಂಚಕ್ರಗಳಿಗೆ ಒಂದೇ ಹೊತ್ತಿಗೆ ಮೂರು ಕೆಲಸ. ಬ್ರೇಕ್ ಒತ್ತಿದಾಗ ಮುಂದಕ್ಕೆ ವಾಲುವ ಭಾರ ಹೊರಬೇಕು, ತಿರುವಿಗೆ ತಕ್ಕಂತೆ ಹೊರಳಬೇಕು, ನಡುವೆ ಮಳೆನೀರು ತುಂಬಿದ ಹೊಂಡ ಸಿಕ್ಕರೆ ಇಳಿದೆದ್ದೂ ದಾರಿ ತಪ್ಪಬಾರದು. ಇಷ್ಟಕ್ಕೂ ಒಂದೊಂದು ಟೈರು ನೆಲಕ್ಕೆ ತಾಗಿರುವುದು ಹೆಚ್ಚುಕಡಿಮೆ ಅಂಗೈಯಷ್ಟು ಜಾಗದಲ್ಲಿ! ಕಾರು ಒಂದು ಬದಿಗೆ ಎಳೆಯತೊಡಗಿದರೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಅಲೈನ್‌ಮೆಂಟ್ ಮಾಡಿಸಿದರಾಯ್ತು.’ ಸ್ಟೇರಿಂಗ್ ಬೇರೆ, ಸಸ್ಪೆನ್ಷನ್ ಬೇರೆ ಎಂಬ ಎಣಿಕೆಯಿಂದ ಹುಟ್ಟಿದ ಮಾತಿದು. ಚಕ್ರದ ಹತ್ತಿರ ಹೋಗಿ ನೋಡಿದರೆ ಇವೆರಡರ ನಡುವಿನ ಗೆರೆ ಎಲ್ಲೂ ಕಾಣುವುದಿಲ್ಲ.

ಮಾರುತಿ 800ರಿಂದ ಹಿಡಿದು ಇಂದಿನ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಸ್ಟ್ರಟ್. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಒಂದು ಕಂಬ ಅದು. ಸ್ಟೇರಿಂಗ್ ತಿರುಗಿಸಿದರೆ ಚಕ್ರದ ಜೊತೆ ಈ ಕಂಬವೂ ತಿರುಗುತ್ತದೆ. ಅಂದರೆ ಹೊಂಡದ ಪೆಟ್ಟು ತಿನ್ನುವ ಭಾಗವೇ ಚಕ್ರ ಹೊರಳುವ ಅಚ್ಚೂ ಹೌದು. ಕೆಳಗೆ ಎರಡು ತೋಳುಗಳಿವೆ. ಲೋವರ್ ಆರ್ಮ್ ಚಕ್ರವನ್ನು ಜಾಗದಲ್ಲಿ ಹಿಡಿದಿಟ್ಟರೆ, ಟೈರಾಡ್ ಅದನ್ನು ಎಡಕ್ಕೋ ಬಲಕ್ಕೋ ತಳ್ಳುತ್ತದೆ. ಚಕ್ರ ಮೇಲೆ ಕೆಳಗೆ ಆಡುವಾಗ ಎರಡೂ ಒಂದೇ ಲಯದಲ್ಲಿ ಬಾಗಿ ಏಳಬೇಕು. ಲೋವರ್ ಆರ್ಮಿನ ಕೀಲಿನಲ್ಲಿರುವ ಬುಷ್ ಸವೆದು ಲಯ ತಪ್ಪಿತೋ, ಹೊಂಡಕ್ಕಿಳಿದ ಚಕ್ರ ಚಾಲಕನ ಕೈ ಅಲುಗದೆಯೂ ತಾನೇ ಒಂದಿಷ್ಟು ಹೊರಳಿಕೊಳ್ಳುತ್ತದೆ.

ಮಂಗಳೂರಿನ ಮಳೆಗಾಲ ಈ ಕೀಲುಗಳನ್ನೇ ಹುಡುಕಿಕೊಂಡು ಬರುತ್ತದೆ. ಲೋವರ್ ಆರ್ಮನ್ನು ಚಕ್ರಕ್ಕೆ ಸೇರಿಸುವ ಬಾಲ್ ಜಾಯಿಂಟಿನ ರಬ್ಬರ್ ಟೊಪ್ಪಿ ಒಂದು ಕಡೆ ಹರಿದರೆ ಸಾಕು, ಮುರಕಲ್ಲಿನ ಕೆಂಪು ಕೆಸರು ಒಳನುಗ್ಗಿ ಗ್ರೀಸನ್ನು ತೊಳೆದು ಉಕ್ಕನ್ನು ಉಜ್ಜತೊಡಗುತ್ತದೆ. ಅಲೈನ್‌ಮೆಂಟ್ ಯಂತ್ರ ಅಳೆಯುವುದು ಸಮನೆಲದಲ್ಲಿ ಸುಮ್ಮನೆ ನಿಂತ ಕಾರಿನ ಚಕ್ರಗಳ ಕೋನವನ್ನು. ಸಡಿಲ ಬುಷ್ ಅಲ್ಲಿ ಸಾಧುವಾಗಿ ಕುಳಿತಿರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಬಿದ್ದಾಗ ಜರುಗುತ್ತದೆ, ಪರದೆಯ ಮೇಲೆ ಸರಿಯಿದ್ದ ಲೆಕ್ಕ ರಸ್ತೆಯಲ್ಲಿ ಕೆಡುತ್ತದೆ. ಟೈರಿನ ಮೇಲೆ ಅಡ್ಡಲಾಗಿ ಅಂಗೈ ಆಡಿಸಿ ನೋಡಿ: ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ತಡೆದರೆ ಆ ಚಕ್ರ ಉರುಳುವುದರ ಜೊತೆಗೆ ನೆಲಕ್ಕೆ ಉಜ್ಜಿಕೊಂಡೂ ಹೋಗುತ್ತಿದೆ ಎಂದೇ ಅರ್ಥ.

‘ಈಗ ಎಲ್ಲಾ ಪವರ್ ಸ್ಟೇರಿಂಗ್, ಇದೆಲ್ಲ ಹಳೇ ಕಾಲದ ತಲೆಬಿಸಿ’ ಎನ್ನುವವರಿದ್ದಾರೆ. ಮೋಟಾರು ಕೈಯ ಶ್ರಮ ಇಳಿಸುತ್ತದೆ, ಸವೆದ ಕೀಲನ್ನು ಬಿಗಿ ಮಾಡುವುದಿಲ್ಲ. ಎಷ್ಟೋ ಸಲ ಕೈಗೆ ಸಿಗಬೇಕಾದ ಅದುರುವಿಕೆಯನ್ನು ನುಂಗಿ ರೋಗವನ್ನು ಮುಚ್ಚಿಡುತ್ತದೆ. ತಪ್ಪು ರಸ್ತೆಯದು, ಕಾರಿನದಲ್ಲ ಎಂಬ ದೂರು ಅರ್ಧ ನಿಜ. ಹೊಂಡ ಮುಚ್ಚುವುದು ಪಾಲಿಕೆಯ ಹೊಣೆಯೇ, ಆದರೆ ಮುಚ್ಚಿದ ಮೇಲೂ ಸವೆದ ಬುಷ್ ಸವೆದೇ ಇರುತ್ತದೆ. ಗ್ಯಾರೇಜಿನವರು ಇದೇ ನೆಪದಲ್ಲಿ ಬಿಲ್ ಏರಿಸಿದರೆ? ಈ ಅನುಮಾನಕ್ಕೆ ಬೆಲೆ ಇದೆ, ಪರಿಹಾರವೂ ಸುಲಭ. ಕಾರನ್ನು ಮೇಲೆತ್ತಿದಾಗ ಪಕ್ಕದಲ್ಲೇ ನಿಂತು ಚಕ್ರ ಅಲುಗಾಡಿಸಲು ಹೇಳಿ. ಎಡಬಲ ಹಿಡಿದು ಅಲುಗಿಸಿದಾಗ ಟಕ್ ಎಂದರೆ ಮೊದಲ ಅನುಮಾನ ಟೈರಾಡ್ ಮೇಲೆ. ಮೇಲೆ ಕೆಳಗೆ ಹಿಡಿದಾಗ ಟಕ್ ಎಂದರೆ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್ ಮೇಲೆ. ಸವೆದ ಆ ಭಾಗವನ್ನು ಬದಲಿಸಿದ ಮೇಲೆಯೇ ಅಲೈನ್‌ಮೆಂಟ್‌ಗೆ ದುಡ್ಡು ಕೊಡಿ.